ಪದ್ದು ಸೆಲ್ಯೂಟ್ ಹೊಡೆಯುವುದನ್ನು ಬಿಟ್ಟದ್ದು

1997ರ ಮಳೆಗಾಲದಲ್ಲಿ ಮರವಂತೆಯ ಕಡಲು ಪದ್ದುವಿನ ಮನೆಯ ಹಿಂದಿನ ಗೋಡೆಯನ್ನು ಎಳೆದುಕೊಂಡು ಹೋಯಿತು. ಅವಳಿಗೆ ಆಗ ಹದಿನಾರು ವರ್ಷ. ಅಪ್ಪ ಬಲೆಗಳನ್ನು ಹೆಗಲ ಮೇಲೆ ಹೊತ್ತು ಹೆದ್ದಾರಿಯ ಕಡೆಗೆ ಸಾಗಿಸುತ್ತಿದ್ದ. ಅಮ್ಮ ಅಕ್ಕಿಯ ಡಬ್ಬವನ್ನು ಸೊಂಟಕ್ಕೆ ಒತ್ತಿಕೊಂಡು ಅಂಗಳದಲ್ಲಿ ನಿಂತು ಕಡಲಿಗೇ ಬೈಯುತ್ತಿದ್ದಳು. ಪಕ್ಕದ ಮನೆಯ ದೋಣಿ ಯಜಮಾನರು ಮಾತ್ರ ಹಣದ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟುಕೊಂಡು, ಯಾರು ಕರೆದರೂ ಜಗಲಿ ಬಿಟ್ಟು ಏಳಲಿಲ್ಲ. ಪೊಲೀಸರು ಬಂದು ಹೇಳಿದರು, ಪಂಚಾಯತಿಯವರು ಕೈಮುಗಿದರು, ಊಹೂಂ. ಕೊನೆಗೆ ಖಾಕಿ ತೊಟ್ಟ ಒಬ್ಬ ಗಿಡ್ಡ ಹೆಂಗಸು ಆ ಜಗಲಿಯ ಎದುರು ಬಂದು ನಿಂತಳು. ಟೋಪಿಯಿಂದ ನೀರು ಸೋರುತ್ತಿತ್ತು.

"ಹ್ವಾಯ್, ನಿಮ್ ಪೆಟ್ಟಿಗಿ ಆಮೇಲ್ ಕಾಂಬ. ಮೊದ್ಲ್ ಮಕ್ಕಳ್ನ ಎತ್ಕಣಿ. ಏಳಿ ಅಂದೆ!"

ಯಜಮಾನರು ಎದ್ದರು. ಮೊಮ್ಮಗಳನ್ನು ಎತ್ತಿಕೊಂಡು ರಸ್ತೆಗೆ ನಡೆದರು. ಆ ಹೆಂಗಸು ಪೊಲೀಸಿನವಳಲ್ಲ, ಹೋಂಗಾರ್ಡ್ ಎಂದು ಪದ್ದುವಿಗೆ ಆಮೇಲೆ ಯಾರೋ ಹೇಳಿದರು. ಹೆಸರು ತಿಳಿಯಲಿಲ್ಲ. ಆದರೆ ಹೆಣ್ಣಿನ ಒಂದು ಗಂಟಲು ಅಷ್ಟು ದೊಡ್ಡ ಮನುಷ್ಯನನ್ನು ಜಗಲಿಯಿಂದ ಎಬ್ಬಿಸಿತಲ್ಲ, ಅದು ಅವಳ ತಲೆಯಲ್ಲಿ ಕೂತುಬಿಟ್ಟಿತು.

ಏಳೆಂಟು ವರ್ಷ ಕಳೆದು, ಮದುವೆಯಾಗಿ, ಮಗಳು ನವ್ಯಶ್ರೀ ನಡೆಯಲು ಕಲಿತ ಮೇಲೆ ಅವಳು ಹೋಂಗಾರ್ಡಿಗೆ ಅರ್ಜಿ ಹಾಕಿದಳು. ಗಂಡ ಕುಷ್ಟ ಕೋಟೇಶ್ವರದವನು. ಗಂಗೊಳ್ಳಿ ಬಂದರಿನಲ್ಲಿ ಬೋಟುಗಳ ವಯರಿಂಗ್ ಮಾಡುತ್ತ ಕೆಲಸ ಕಲಿತವನು. ಈಗ ಹೆದ್ದಾರಿಯ ಬದಿಯಲ್ಲಿ ಸಣ್ಣ ಅಂಗಡಿ ಹಾಕಿ ಕಾರು, ಟೆಂಪೋಗಳ ಎಲೆಕ್ಟ್ರಿಕ್ ಕೆಲಸ ಮಾಡುತ್ತಿದ್ದ. ಮಾತು ಕಡಿಮೆ, ಕೈ ಚುರುಕು. ಹೆಂಡತಿ ಅರ್ಜಿಯ ಸುದ್ದಿ ಎತ್ತಿದಾಗ ಟೆಸ್ಟರನ್ನು ಕಿವಿಗೆ ಸಿಕ್ಕಿಸಿಕೊಂಡು ಒಂದು ಗಳಿಗೆ ಯೋಚಿಸಿದ.

"ಹೋಪುದಾರೆ ಹೋಗ್. ಬಿಸ್ಲಂಗ್ ನಿಂಬುಕ್ ಆತ್ತಾ ಕಾಣ್."

ಬಿಸಿಲಲ್ಲಿ ನಿಲ್ಲುವುದು ಅವಳಿಗೆ ಕಷ್ಟವಾಗಲಿಲ್ಲ. ಕೋಟೇಶ್ವರದ ಹೆದ್ದಾರಿ ಕ್ರಾಸಿನಲ್ಲಿ ಅವಳನ್ನು ನಿಲ್ಲಿಸಿದರು. ಆರು ತಿಂಗಳಲ್ಲಿ ಆ ಜಾಗ ಅವಳ ಅಂಗೈಯಷ್ಟು ಪರಿಚಯವಾಯಿತು. ಯಾವ ಬಸ್ಸಿನವನು ಸ್ಟಾಪಿಗಿಂತ ಮುಂದೆ ಹೋಗಿ ನಿಲ್ಲಿಸುತ್ತಾನೆ, ಯಾವ ಮೀನಿನ ಲಾರಿಯ ಬ್ರೇಕು ಸರಿ ಇಲ್ಲ, ಯಾವ ಮುದುಕಿಗೆ ರಸ್ತೆ ದಾಟಿಸಿದರೂ ಮತ್ತೆ ಈಚೆಗೇ ಬರುವ ಅಭ್ಯಾಸ, ಎಲ್ಲ ಗೊತ್ತು. ಕೈ ಎತ್ತಿದರೆ ಲಾರಿಗಳು ನಿಲ್ಲುತ್ತಿದ್ದವು. ಆ ಕ್ಷಣದಲ್ಲಿ ಎದೆಯೊಳಗೆ ಏನೋ ಒಂದು ಹಿತವಾಗಿ ನೆಟ್ಟಗಾಗುವುದನ್ನು ಅವಳು ಯಾರಿಗೂ ಹೇಳಿಕೊಂಡವಳಲ್ಲ.

ಆ ಹಿತ ಹಾಳಾದದ್ದು 2007ರಲ್ಲಿ. ಶಾಲೆ ಬಿಡುವ ಹೊತ್ತು. ಒಂದು ಸಾಲು ಮಕ್ಕಳನ್ನು ರಸ್ತೆ ದಾಟಿಸುತ್ತಿದ್ದಾಗ ಕೆಂಪು ದೀಪದ ಕಾರೊಂದು ಬಂತು. ಮಕ್ಕಳು ನಡುರಸ್ತೆಯಲ್ಲಿದ್ದರು. ಪದ್ದು ಕೈ ಇಳಿಸಲಿಲ್ಲ. ಅರ್ಧ ನಿಮಿಷ, ಹೆಚ್ಚೆಂದರೆ ಮುಕ್ಕಾಲು. ಕಾರಿನೊಳಗಿದ್ದ ಅಧಿಕಾರಿ ಪತ್ರಿಕೆಯಿಂದ ತಲೆಯನ್ನೇ ಎತ್ತಿರಲಿಲ್ಲ. ಮುಂದಿನ ಸೀಟಿನಲ್ಲಿದ್ದವನು ಮಾತ್ರ ಅವಳ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಓದಿಕೊಂಡ. ಮರುದಿನ ಅವಳನ್ನು ಕರೆಸಿದರು. ಮಕ್ಕಳ ವಿಷಯ ಹೇಳಲು ಬಾಯಿ ತೆರೆದರೆ, "ದೀಪ ಕಾಣ್ಲಿಲ್ವಾ ನಿಂಗೆ?" ಎಂದು ಅದೊಂದನ್ನೇ ಮೂರು ಸಲ ಕೇಳಿದರು. ಎರಡು ತಿಂಗಳು ಡ್ಯೂಟಿ ಕೊಡಲಿಲ್ಲ. ಇಸ್ತ್ರಿ ಮಾಡಿದ ಖಾಕಿ ಗೋಡೆಯ ಮೊಳೆಯಲ್ಲಿ ಹಾಗೆಯೇ ತೂಗಿತು.

ವಾಪಸು ಬಂದವಳು ಬೇರೆಯೇ ಪದ್ದು. ದೂರದಲ್ಲಿ ಏನಾದರೂ ಮಿನುಗಿದರೆ ಸಾಕು, ಸೀಟಿ ಊದಿ ಎರಡೂ ಕಡೆಯ ವಾಹನಗಳನ್ನು ನಿಲ್ಲಿಸಿ, ದಾರಿ ಬಿಡಿಸಿ, ಹಿಮ್ಮಡಿ ಕೂಡಿಸಿ ಸೆಲ್ಯೂಟ್ ಹೊಡೆಯುತ್ತಿದ್ದಳು. ಒಳಗೆ ಯಾರಿದ್ದಾರೆ ಎಂದು ನೋಡುವ ಗೊಡವೆಗೇ ಹೋಗುತ್ತಿರಲಿಲ್ಲ.

ಮೊದಮೊದಲು ಅಂಥ ದೀಪ ವಾರಕ್ಕೊಂದು ಕಂಡರೆ ಹೆಚ್ಚು. 2010ರ ಹೊತ್ತಿಗೆ ದಿನಕ್ಕೆ ಎರಡು, ಮೂರು. ಕೆಂಪು ಮಾತ್ರವಲ್ಲ, ಕೆಂಪು ನೀಲಿ ಎರಡೂ ಇರುವ ಪೊಲೀಸ್ ಜೀಪಿನಂಥ ದೀಪ, ಜೊತೆಗೆ ಕಿವಿ ಕೊರೆಯುವ ಸೈರನ್. ಒಂದು ದಿನ ಅವಳು ಸೆಲ್ಯೂಟ್ ಹೊಡೆದ ಕಾರು ಐವತ್ತು ಮಾರು ಮುಂದೆ ಹೋಗಿ ನಿಂತಿತು. ಬರ್ಮುಡಾ ತೊಟ್ಟ ಒಬ್ಬ ಇಳಿದು ಎಳನೀರು ಕುಡಿದ. ಇನ್ನೊಂದು ದಿನ ಹಾಗೆಯೇ ಮಿನುಗುತ್ತ ಬಂದ ಜೀಪಿನ ಹಿಂದಿನ ಸೀಟಿನಲ್ಲಿ ಬಾಳೆಗೊನೆಗಳಿದ್ದವು. ಬಸ್ ಸ್ಟಾಪಿನಲ್ಲಿ ನಿಂತಿದ್ದ ಕಾಲೇಜು ಹುಡುಗಿಯರು ಕಿಸಕ್ಕೆಂದು ನಕ್ಕಾಗ ಪದ್ದುವಿನ ಕಿವಿ ಕೆಂಪಾಯಿತು. ಆದರೂ ಮಾರನೆಯ ದಿನ ದೀಪ ಕಂಡಾಗ ಕೈ ತಾನಾಗಿಯೇ ಹಣೆಗೆ ಹೋಯಿತು. ಅದಕ್ಕಾಗಿ ಅವಳಿಗೆ ತನ್ನ ಮೇಲೇ ಸಿಟ್ಟು.

ಮನೆಯಲ್ಲಿ ಗಂಡನ ಹತ್ತಿರ ಹೇಳಿಕೊಂಡರೆ ಅವನು ಅನ್ನದ ಬಟ್ಟಲಿನ ಮೇಲೆ ತಲೆ ಬಗ್ಗಿಸಿ, "ಅದೀಗ ಒಂದ್ ಶೋಕಿ. ಎಲ್ಲಾ ಹಾಕ್ಸ್ತ್ರ್" ಎಂದಷ್ಟೇ ಹೇಳಿ ಮಗಳ ಶಾಲೆಯ ಮಾತೆತ್ತುತ್ತಿದ್ದ.

2012ರ ಮೇ ತಿಂಗಳು. ಹೆದ್ದಾರಿಯನ್ನು ಅಗಲ ಮಾಡುತ್ತೇವೆಂದು ಅಗೆದು ಗುಡ್ಡೆ ಹಾಕಿದ್ದರು. ಕ್ರಾಸಿನಿಂದ ತೆಂಕಕ್ಕೆ ಒಂದಷ್ಟು ದೂರ ಒಂದೇ ಸಾಲು ವಾಹನ ಹೋಗುವಷ್ಟು ಜಾಗ. ಒಂದು ಕಡೆಯವರನ್ನು ನಿಲ್ಲಿಸಿ ಇನ್ನೊಂದು ಕಡೆಯವರನ್ನು ಬಿಡಬೇಕು. ಧೂಳಿಗೆ ಮೂಗು ಕಟ್ಟಿ, ಕಾದ ಡ್ರೈವರುಗಳ ಬೈಗಳಿಗೆ ಕಿವಿ ಕಟ್ಟಿ, ಪದ್ದು ಬೆಳಗಿನಿಂದ ನಿಂತಿದ್ದಳು. ಹತ್ತೂವರೆಯ ಹೊತ್ತಿಗೆ ಬ್ರಹ್ಮಾವರದ ಕಡೆಯಿಂದ ಸೈರನ್ ಕೇಳಿಸಿತು. ಬಿಳಿ ಜೀಪು, ನೆತ್ತಿಯ ಮೇಲೆ ಕೆಂಪು ನೀಲಿ ದೀಪ ಗಿರಗಿರ ತಿರುಗುತ್ತಿತ್ತು. ಅವಳು ಕುಂದಾಪುರದ ಕಡೆಯಿಂದ ಬರುತ್ತಿದ್ದ ವಾಹನಗಳಿಗೆ ಅಡ್ಡಲಾಗಿ ನಿಂತು ಜೀಪಿಗೆ ದಾರಿ ಮಾಡಿದಳು. ಸೆಲ್ಯೂಟ್ ಹೊಡೆದಳು.

ಜೀಪು ದಾಟಿತು. ಅದರ ಬಾಲ ಹಿಡಿದು ಇನ್ನೊಂದು ಕಾರು, ಮತ್ತೊಂದು, ಆಮೇಲೆ ಒಂದು ಬಸ್ಸು. ಬಸ್ಸಿನ ಮುಂದೆ ಮಾವಿನೆಲೆ, ಹೂವಿನ ಹಾರ. ಕಿಟಕಿಗಳ ತುಂಬ ರೇಷ್ಮೆ ಸೀರೆ. ಮದುವೆಯ ದಿಬ್ಬಣ! ನಿಲ್ಲಿಸೋಣವೆಂದು ಕೈ ಎತ್ತಿದರೆ ಒಬ್ಬನೂ ನಿಲ್ಲಿಸಲೊಲ್ಲ. "ಒಟ್ಟಿಗೇ ಹೋಯ್ಕ್ ನಾವ್, ಮುಂದೆ ಲೈಟಿನ್ ಗಾಡಿ ಹೋಯ್ತಲೆ!" ಎಂದು ಕೂಗುತ್ತ ನುಗ್ಗಿದರು. ನಡುವೆ ದಿಬ್ಬಣದ ಒಂದು ವ್ಯಾನಿನ ಚಕ್ರ ಅಗೆದ ಮಣ್ಣಿಗೆ ಇಳಿದು ಕೂತುಬಿಟ್ಟಿತು. ಇದ್ದ ಒಂದು ದಾರಿಯೂ ಮುಚ್ಚಿತು.

ಕುಂದಾಪುರದ ಕಡೆ ನಿಂತ ಸಾಲು ಬೆಳೆಯುತ್ತ ಹೋಯಿತು. ಆ ಸಾಲಿನ ಹಿಂದಿನಿಂದ ಒಬ್ಬ ಓಡಿ ಬಂದ. ಬೈಂದೂರಿನ ಆಂಬುಲೆನ್ಸ್ ಡ್ರೈವರ್ ಅಣ್ಣಯ್ಯ. ಪದ್ದು ಅವನನ್ನು ವರ್ಷಗಳಿಂದ ಬಲ್ಲಳು. ಯಾವಾಗಲೂ ಕಿಟಕಿಯಿಂದ ಕೈಬೀಸಿ ಹೋಗುವ ಮನುಷ್ಯ. ಇವತ್ತು ಅವನ ಮುಖ ನೋಡಲಾಗುತ್ತಿರಲಿಲ್ಲ.

"ಪದ್ದಕ್ಕ, ಯಾರ್ ಬಪ್ಪುದಂದೇಳಿ ನಿಲ್ಸಿದ್ದ್ ನೀವ್? ಗಾಡಿಯಂಗ್ ಪೇಶೆಂಟ್ ಇದ್ರ್ ಮಾರಾಯ್ರೆ! ಬಾಯಿ ಸೊಟ್ಟ ಆಯ್ತ್, ಒಂದ್ ಬದಿ ಕೈ ಎತ್ತುಕಾತಿಲ್ಲೆ ಅವ್ರಿಗೆ!"

"ನಿನ್ ಸೈರನ್ ನಂಗ್ ಕೇಂಬ್ಲೇ ಇಲ್ಲೆ, ಅಣ್ಣಯ್ಯ."

"ಕೇಂಬುದ್ ಹ್ಯಾಂಗೆ? ಆ ಮದಿಯವನ್ ಸೈರನ್ ನಂದಕಿಂತ ದೊಡ್ಡದಿತ್ತಲೆ!"

ಇಬ್ಬರೂ ಸೇರಿ, ಬಸ್ಸಿನಿಂದ ಗಂಡಸರನ್ನು ಇಳಿಸಿ ವ್ಯಾನನ್ನು ಎತ್ತಿಸಿದರು. ಪದ್ದು ಮಣ್ಣಿನಲ್ಲಿ ಮೊಣಕಾಲೂರಿ ಚಕ್ರದ ಅಡಿಗೆ ಕಲ್ಲು ಕೊಟ್ಟಳು. ಆಂಬುಲೆನ್ಸ್ ಅವಳ ಮುಂದೆ ಹಾದುಹೋದಾಗ ಹಿಂದಿನ ಗಾಜಿನಲ್ಲಿ ಒಬ್ಬ ಹೆಂಗಸಿನ ಮುಖ ಕಂಡಿತು. ಆಕೆ ಅಳುತ್ತಿರಲಿಲ್ಲ. ಪದ್ದುವಿನ ಖಾಕಿಯನ್ನೇ ನೋಡುತ್ತಿದ್ದಳು. ಇಪ್ಪತ್ತು ನಿಮಿಷ ಹೋಗಿತ್ತು.

ಮಧ್ಯಾಹ್ನ ಎರಡು ಗಂಟೆಗೆ ಡ್ಯೂಟಿ ಮುಗಿಯಿತು. ಪದ್ದು ಮನೆಗೆ ಹೋಗಲಿಲ್ಲ. ಕೋಟೇಶ್ವರದಲ್ಲಿ ಅವತ್ತು ಮದುವೆ ಇದ್ದದ್ದು ಒಂದೇ ಸಭಾಭವನದಲ್ಲಿ. ಧೂಳು ಮೆತ್ತಿದ ಸಮವಸ್ತ್ರದಲ್ಲೇ ಅಲ್ಲಿಗೆ ನಡೆದಳು. ಬಿಳಿ ಜೀಪು ಹಲಸಿನ ಮರದ ನೆರಳಿನಲ್ಲಿ ನಿಂತಿತ್ತು. ಮುಂದೆ ಹಿತ್ತಾಳೆಯ ದೊಡ್ಡ ಬೋರ್ಡು: ಯಾವುದೋ ಜನಜಾಗೃತಿ ಪರಿಷತ್ತಿನ ತಾಲೂಕು ಅಧ್ಯಕ್ಷರು. 'ಅಧ್ಯಕ್ಷರು' ಎಂಬುದು ಮಾತ್ರ ದೂರಕ್ಕೆ ಕಾಣುವ ಅಕ್ಷರದಲ್ಲಿತ್ತು. ಬೆಳಗಿನಿಂದ ದೀಪ, ಸೈರನ್ ಹಾಕಿ ಹಾಕಿ ಬ್ಯಾಟರಿ ಇಳಿದುಹೋಗಿ ಜೀಪಿನ ಡ್ರೈವರ್ ಬಾನೆಟ್ ಎತ್ತಿ ಇಣುಕುತ್ತಿದ್ದ. ಪದ್ದುವೂ ಇಣುಕಿದಳು.

ದೀಪಕ್ಕೆ ಹೋದ ವಯರುಗಳನ್ನು ಬಹಳ ಒಪ್ಪವಾಗಿ ಕಟ್ಟಿದ್ದರು. ಪ್ಲಾಸ್ಟಿಕ್ ಪಟ್ಟಿಯಿಂದ ಅಲ್ಲ, ಬಲೆ ಹೆಣೆಯುವ ನೀಲಿ ನೂಲಿನಿಂದ, ಗೇಣಿಗೊಂದು ಗಂಟು ಹಾಕಿ. ಬೋಟಿನಲ್ಲಿ ಉಪ್ಪುಗಾಳಿಗೆ ಬೇರೆ ಯಾವುದೂ ಬಾಳುವುದಿಲ್ಲವೆಂದು ಗಂಗೊಳ್ಳಿಯಲ್ಲಿ ಕಲಿತ ಕಟ್ಟು. ಈ ಸುತ್ತಿನಲ್ಲಿ ಕಾರಿನ ವಯರನ್ನು ಹಾಗೆ ಕಟ್ಟುವವನು ಒಬ್ಬನೇ. ಅವನ ಅಂಗಿಯನ್ನು ಅವಳು ಅವತ್ತು ಬೆಳಿಗ್ಗೆ ಒಗೆದು ಹಾಕಿ ಬಂದಿದ್ದಳು.

ಅವಳು ಅಲ್ಲೇ ನಿಂತಿದ್ದಾಗ ಊಟ ಮುಗಿಸಿದ ಒಬ್ಬ ಬೀಡಾ ಅಗಿಯುತ್ತ ಬಂದ. ಮೂವತ್ತೈದರ ಆಸುಪಾಸು, ತೆಳು ಬಣ್ಣದ ಸಫಾರಿ, ಬೆರಳ ತುಂಬ ಉಂಗುರ. ಸುಶಾಂತ್ ಎಂದು ಹೆಸರು, ಬೋರ್ಡಿನ ಅಧ್ಯಕ್ಷ ಇವನೇ. ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವನು, ವಧುವಿನ ಸೋದರಮಾವ.

"ಎಂತ ಮೇಡಂ? ಊಟ ಆಯ್ತಾ?" ಎಂದ. ಮರ್ಯಾದೆಯಿಂದಲೇ ಕೇಳಿದ.

ಪದ್ದು ಬೆಳಗಿನದನ್ನು ಹೇಳಿದಳು. ಆಂಬುಲೆನ್ಸ್, ಇಪ್ಪತ್ತು ನಿಮಿಷ, ಪೇಶೆಂಟಿನ ಸೊಟ್ಟಗಾದ ಬಾಯಿ. ಹೇಳುತ್ತ ಹೇಳುತ್ತ ಅವಳ ಸ್ವರ ಏರಿತು. ಸುಶಾಂತ್ ಪೂರ್ತಿ ಕೇಳಿದ. ಬೀಡಾ ಉಗಿದು ಬಾಯಿ ಒರೆಸಿಕೊಂಡ.

"ಛೆ, ಪಾಪ. ಆರೆ ಒಂದ್ ಕೇಂತೆ, ಬೇಜಾರ್ ಮಾಡ್ಕಣ್ಬೇಡಿ. ಗಾಡಿ ನಿಲ್ಸಿ ಅಂದೇಳಿ ನಾನ್ ನಿಮ್ಗ್ ಹೇಳಿದ್ನಾ? ನಾನ್ ನನ್ನಷ್ಟಕ್ ಬತ್ತಿದ್ದೆ. ನಿಲ್ಸಿದ್ದ್ ನೀವ್. ಸೆಲ್ಯೂಟ್ ಹೊಡ್ದದ್ದೂ ನೀವೇ."

ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಅವನು ಹೇಳಿದ್ದು ನಿಜ. ಅದೇ ಅವಳನ್ನು ಸುಟ್ಟಿತು.

ಕುಷ್ಟನ ಅಂಗಡಿಗೆ ಅವಳು ಹೋದಾಗ ಅವನು ಒಂದು ಡೈನಮೋ ಬಿಚ್ಚಿಕೊಂಡು ನೆಲದಲ್ಲಿ ಕೂತಿದ್ದ. ಹೆಂಡತಿಯ ಮುಖ ನೋಡಿ ಕೈಯಲ್ಲಿದ್ದುದನ್ನು ಕೆಳಗಿಟ್ಟ.

"ಬಿಳಿ ಜೀಪಿಗೆ ಲೈಟ್ ಹಾಕಿದ್ದ್ ನೀವಾ?"

ಅವನು ಡೈನಮೋದ ಒಂದು ಸ್ಕ್ರೂ ಹೆಕ್ಕಿ ಡಬ್ಬಿಗೆ ಹಾಕಿದ.

"ಹ್ವಾಯ್, ನಿಮ್ಮನ್ನೇ ಕೇಂಬುದ್. ಎಷ್ಟ್ ಗಾಡಿಗ್ ಹಾಕಿದ್ರಿ?"

"ಹತ್ತೋ ಹನ್ನೊಂದೋ. ನೆನ್ಪಿಲ್ಲೆ."

"ನಾನ್ ದಿನಾ ಬಂದ್ ಹೇಳ್ತಿದ್ದೆ, ಹಾಂಗ್ ಆಯ್ತ್, ಹೀಂಗ್ ಆಯ್ತ್, ಹೆಣ್ಮಕ್ಕಳ್ ನೆಗ್ಯಾಡಿದ್ರ್ ಅಂದೇಳಿ. ಕೇಂಡ್ಕಂಡ್ ಉಣ್ತಿದ್ರಿ ನೀವ್!"

ಕುಷ್ಟನಿಗೂ ಸಿಟ್ಟು ಬಂತು. "ಅವ್ರ್ ಲೈಟ್ ತಕಂಡ್ ಬತ್ರ್, ಅಂಗ್ಡಿಯಂಗ್ ರಾಜಾರೋಷ ಸಿಕ್ಕತ್. ಮಾರೂಕಾತ್ತ್, ತಕಂಬುಕಾತ್ತ್. ವಯರ್ ಜೋಡ್ಸ್ದವ ಒಬ್ಬ ಕಳ್ಳನಾ? ನಾನ್ ಆತಿಲ್ಲೆ ಅಂದ್ರೆ ಇನ್ನೊಬ್ಬ ಹಾಕ್ತ. ಪೊಲೀಸ್ನವ್ರ್ ಬಾವನ್ ಗಾಡಿಗೂ ಹಾಕಿದ್ದೆ ನಾನ್. ಅವ್ರೇ ಸಮಾ ಕಾಂತಿತ್ತಾ ಅಂದೇಳಿ ನಿಂತ್ ಕಂಡ್ಕಂಡ್ ಹೋಯ್ರ್."

ಅವಳು ಹೊರಟಳು. ಆಮೇಲೆ ಹದಿನೈದು ದಿನ ಗಂಡ ಹೆಂಡತಿಯ ಮಾತೆಲ್ಲ ಮಗಳ ಬಾಯಿಯ ಮೂಲಕ ನಡೆಯಿತು.

ಪೇಶೆಂಟಿನ ಸುದ್ದಿಯನ್ನು ಅಣ್ಣಯ್ಯ ತಂದ. ಬೈಂದೂರಿನ ಒಳಗಿನ ಹಳ್ಳಿಯವರು, ಚಂದಯ್ಯ ಎಂದು, ಐವತ್ತೆಂಟು ವರ್ಷ. ಜೀವ ಉಳಿಯಿತು. ಬಲಗೈ ಮತ್ತು ಮಾತು ಹೋದವು. ಇನ್ನೂ ಸ್ವಲ್ಪ ಬೇಗ ತಂದಿದ್ದರೆ ಒಂದು ಇಂಜೆಕ್ಷನ್ ಕೊಡಬಹುದಿತ್ತು ಎಂದು ಡಾಕ್ಟರು ಹೇಳಿದರಂತೆ. ಕೊಟ್ಟರೂ ಸರಿಯಾಗುತ್ತಿತ್ತು ಎಂದು ಹೇಳಲಾಗುವುದಿಲ್ಲ ಎಂದೂ ಹೇಳಿದರಂತೆ. ಈ ಎರಡು ಮಾತುಗಳ ನಡುವೆ ಪದ್ದು ಸಿಕ್ಕಿಹಾಕಿಕೊಂಡಳು. ತಪ್ಪು ಪೂರಾ ತನ್ನದೆಂದು ಅತ್ತು ಮುಗಿಸುವಂತಿಲ್ಲ, ತನ್ನದಲ್ಲವೆಂದು ಕೈ ತೊಳೆದುಕೊಳ್ಳುವಂತೆಯೂ ಇಲ್ಲ.

"ಮೊದ್ಲ್ ನನ್ ಲೈಟ್ ಕಂಡ್ರೆ ಎಂಥಾ ಬಸ್ಸಿನವನೂ ಮಣ್ಣಿಗ್ ಇಳೀತಿದ್ದ" ಎಂದ ಅಣ್ಣಯ್ಯ. "ಈಗಳ್ ಇವನ್ಯಾರೋ ಮದಿಗ್ ಹೋಪವ ಅಂದೇಳಿ ಸೈಡೇ ಕೊಡೂದಿಲ್ಲೆ. ನಾ ಎಂತ ಮಾಡ್ಕ್ ಹೇಳಿ ಪದ್ದಕ್ಕ?"

ಎಂತ ಮಾಡುವುದೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಒಂದನ್ನು ಮಾಡಿದಳು. ನವ್ಯಶ್ರೀಯ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ, ದೀಪ ಹಾಕಿಕೊಂಡು ಹೋಗುವ ಖಾಸಗಿ ವಾಹನಗಳ ನಂಬರು, ದಿನ, ಹೊತ್ತು ಬರೆಯತೊಡಗಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಅರವತ್ತಮೂರು ನಂಬರುಗಳಾದವು. ಅದನ್ನು ಹಿಡಿದುಕೊಂಡು ಠಾಣೆಗೆ ಹೋದಳು. ಅಲ್ಲಿ ಬರವಣಿಗೆಗೆ ಕೂತವರು ಎರಡು ಹಾಳೆ ಮಗುಚಿದರು.

"ನೀನು ಹೋಂಗಾರ್ಡ್ ಅಲ್ವನಮ್ಮಾ? ಹೋಂಗಾರ್ಡೇ ದೂರು ಕೊಟ್ರೆ ಹೇಗೆ? ಇದು ಆರ್‌ಟಿಒ ಕೆಲ್ಸ."

ರಜೆಯ ದಿನ ಬಸ್ಸು ಹಿಡಿದು ಆ ಕಚೇರಿಗೂ ಹೋದಳು. ರಸ್ತೆಯಲ್ಲಿ ಹಿಡಿಯಬೇಕಾದವರು ಪೊಲೀಸರು ಎಂದರು ಅಲ್ಲಿ. ಮತ್ತೆ ಠಾಣೆಗೆ ಬಂದರೆ, ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ, ಬಂದ ಮೇಲೆ ನೋಡುವಾ ಎಂದರು. ನೋಟ್‌ಬುಕ್ಕನ್ನು ಬಿಟ್ಟು ಬಂದಳು. ಮೂರು ತಿಂಗಳ ಮೇಲೆ ಕೇಳಿದರೆ ಅದು ಸಿಗಲಿಲ್ಲ. ಎರಡನೆಯ ನೋಟ್‌ಬುಕ್ ಶುರುಮಾಡಿದಳು. ಈ ಸಲ ಯಾರಿಗೂ ಕೊಡಲಿಲ್ಲ.

ಅಷ್ಟರಲ್ಲಿ ಒಂದು ಭಾನುವಾರ ಅವಳು ಚಂದಯ್ಯನವರ ಮನೆಗೂ ಹೋಗಿ ಬಂದಿದ್ದಳು. ಖಾಕಿಯಲ್ಲಲ್ಲ, ಸೀರೆ ಉಟ್ಟು. ಆದರೂ ಅವರ ಹೆಂಡತಿ ಸರಸ, ಅವತ್ತು ಆಂಬುಲೆನ್ಸಿನ ಗಾಜಿನಲ್ಲಿ ಕಂಡವಳು, ಬಾಗಿಲಲ್ಲೇ ಗುರುತು ಹಿಡಿದಳು. ಕೂರಲು ಹೇಳಿದಳು, ಕುಡಿಯಲು ಕೊಟ್ಟಳು. ಚಂದಯ್ಯ ಚಾವಡಿಯ ಕುರ್ಚಿಯಲ್ಲಿ ಕೂತು ಎಡಗೈಯಿಂದ ರೇಡಿಯೋದ ಗುಂಡಿ ತಿರುಗಿಸುತ್ತಿದ್ದರು. ಪದ್ದು ಕ್ಷಮಿಸಿ ಎನ್ನಲು ಬಂದಿದ್ದಳು. ಮಾತು ಶುರುವಾಗುವ ಮೊದಲೇ ಸರಸ ತಡೆದಳು.

"ನೀವ್ ಕಾಲ್ ಹಿಡೂದೆಲ್ಲ ಬ್ಯಾಡ. ನೀವ್ ಬಂದ್ರಿ. ಆ ಮದಿ ಗಾಡಿಯವ ಬರ್ಲಿಲ್ಲೆ. ಈಗಳ್ ಇವ್ರಿಗ್ ಉಣ್ಸೂ ಹೊತ್ತಾಯ್ತ್, ಒಂಚೂರ್ ಆ ಬಟ್ಲ್ ಹಿಡ್ಕಣಿ."

ಪದ್ದು ಬಟ್ಟಲು ಹಿಡಿದುಕೊಂಡಳು. ಗಂಜಿ ಉಣಿಸಿ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಮನೆಗೆ ಬಂದವಳು, ಅಲ್ಲಿ ಕಂಡದ್ದನ್ನು ಕುಷ್ಟನಿಗೆ ಒಂದೂ ಬಿಡದೆ ಹೇಳಿದಳು. ಬೈಯಲಿಲ್ಲ. ಅವನು ತಲೆ ತಗ್ಗಿಸಿ ಕೇಳಿದ. ಮರುವಾರ ಒಬ್ಬ ಸೈರನ್ ಹಾಕಿಸಲು ಬಂದಾಗ, ಕೆಲಸ ಬಹಳ ಇದೆ, ಆಗುವುದಿಲ್ಲ ಎಂದು ಕಳಿಸಿದನಂತೆ. ಆ ಕಾರು ಮಾರನೆಯ ದಿನವೇ ಬೇರೆ ಅಂಗಡಿಯಲ್ಲಿ ಹಾಕಿಸಿಕೊಂಡ ಸೈರನ್ ಕೂಗಿಸುತ್ತ ಪದ್ದುವಿನ ಮುಂದೆಯೇ ಹಾದುಹೋಯಿತು.

2014ರ ಆರಂಭದಲ್ಲಿ ಗಾಳಿ ಸ್ವಲ್ಪ ಬದಲಾಯಿತು. ಕೆಂಪು ದೀಪದ ಬಗ್ಗೆ ದೊಡ್ಡ ಕೋರ್ಟು ಏನೋ ಹೇಳಿದೆಯೆಂದು ಪತ್ರಿಕೆಗಳಲ್ಲಿ ಬಂತು. ಒಂದು ಬೆಳಿಗ್ಗೆ ಠಾಣೆಯವರು ಕುಷ್ಟನ ಅಂಗಡಿಗೇ ಬಂದರು. ಹೆದ್ದಾರಿಯಲ್ಲಿ ತಪಾಸಣೆ ಇದೆ, ದೀಪ ಬಿಚ್ಚಲು ತಿಳಿದವರು ಬೇಕು, ಸ್ಕ್ರೂಡ್ರೈವರ್ ಹಿಡಿದುಕೊಂಡು ಬಾ ಎಂದರು. ಹೀಗಾಗಿ ಗಂಡ ಹೆಂಡತಿ ಜೀವನದಲ್ಲಿ ಮೊದಲ ಸಲ ಒಂದೇ ಜಾಗದಲ್ಲಿ ಕೆಲಸಕ್ಕೆ ನಿಂತರು. ಅವಳು ನಿಲ್ಲಿಸುವುದು, ಎಸ್ಸೈ ಕೇಳುವುದು, ಕುಷ್ಟ ಬಿಚ್ಚುವುದು.

ಮಧ್ಯಾಹ್ನದೊಳಗೆ ಒಂಬತ್ತು ದೀಪಗಳು ರಸ್ತೆಯ ಬದಿಯ ಗೋಣಿಯ ಮೇಲೆ ಬಿದ್ದವು. ಅದರಲ್ಲಿ ನಾಲ್ಕು ಕುಷ್ಟ ತಾನೇ ಹಾಕಿದ್ದು. "ನೀನೇ ಹಾಕಿ ನೀನೇ ಬಿಚ್ತ್ಯಲ, ನಾಚ್ಕಿ ಆತಿಲ್ಯಾ?" ಎಂದು ಒಬ್ಬ ಕೇಳಿದ. ಕುಷ್ಟ ಮುಂದಿನ ಸ್ಕ್ರೂ ತಿರುಗಿಸಿದ.

ಆಮೇಲೆ ಬಿಳಿ ಜೀಪು ಬಂತು. ಅದೇ ಬೋರ್ಡು, ಅದೇ ದೀಪ. ಪದ್ದು ನಡುರಸ್ತೆಗೆ ಹೋಗಿ ಕೈ ಅಡ್ಡ ಹಿಡಿದಳು. ಜೀಪು ಅವಳ ಮೊಣಕಾಲಿಗೆ ಒಂದು ಗೇಣು ದೂರದವರೆಗೆ ಬಂದು ನಿಂತಿತು. ಅವಳು ಕದಲಲಿಲ್ಲ. ಸುಶಾಂತ್ ಇಳಿಯಲಿಲ್ಲ, ಕಿಟಕಿಯ ಗಾಜು ಇಳಿಸಿ ಅವಳನ್ನು ನೋಡಿ ಮುಗುಳ್ನಕ್ಕ, ಮೊಬೈಲಿನಲ್ಲಿ ಯಾರಿಗೋ ಮಾತಾಡಿದ. ಸ್ವಲ್ಪ ಹೊತ್ತಿಗೆ ಎಸ್ಸೈ ಅವರ ಮೊಬೈಲ್ ಕೂಗಿತು. ಅವರು ಬದಿಗೆ ಹೋಗಿ, ಬೆನ್ನು ತಿರುಗಿಸಿ, "ಆಯ್ತು ಸರ್, ಆಯ್ತು ಸರ್" ಎಂದರು. ಮುಂದೇನಾಗುವುದೆಂದು ಪದ್ದುವಿಗೆ ಅಷ್ಟರಲ್ಲೇ ಅರ್ಥವಾಯಿತು. ಇಷ್ಟು ವರ್ಷ ನಿಂತದ್ದು, ಬರೆದದ್ದು, ಅಲೆದದ್ದೆಲ್ಲ ಆ "ಆಯ್ತು ಸರ್" ಮುಂದೆ ಏನೂ ಅಲ್ಲ.

"ಆ ಗಾಡಿ ಬಿಡಿ. ವಾರ್ನಿಂಗ್ ಕೊಟ್ಟಾಗಿದೆ" ಎಂದರು ಎಸ್ಸೈ.

ಕುಷ್ಟ ಜೀಪಿನ ಮುಂಭಾಗದಿಂದ ತಲೆಯೆತ್ತಿದ. ಎಲ್ಲರೂ ಮೊಬೈಲಿನ ಕಡೆ ನೋಡುತ್ತಿದ್ದಾಗ ಅವನು ಡ್ರೈವರಿಗೆ ಹೇಳಿ ಬಾನೆಟ್ ತೆರೆಸಿದ್ದ. ಅವನ ಕೈಯಲ್ಲಿ ಕಟಿಂಗ್ ಪ್ಲೇಯರ್ ಇತ್ತು, ಇನ್ನೊಂದು ಕೈಯಲ್ಲಿ ನೀಲಿ ನೂಲು ಕಟ್ಟಿದ ಮಾರುದ್ದದ ವಯರು.

"ಕತ್ರ್ಸಿ ಆಯ್ತಲೆ ಸರ್" ಎಂದ. "ನೀವ್ ಬಿಚ್ಚುಕ್ ಹೇಳಿದ್ರಿ. ನಂಗ್ ಗೊತ್ತಾಗ್ಲಿಲ್ಲೆ."

ಎಸ್ಸೈ ಹಲ್ಲು ಕಚ್ಚಿದರು. ಸುಶಾಂತನ ಮುಗುಳ್ನಗೆ ಹೋಯಿತು. ಕತ್ತರಿಸಿದ ವಯರನ್ನು ಮತ್ತೆ ಅಂಟಿಸು ಎಂದು ನಡುರಸ್ತೆಯಲ್ಲಿ, ಫೋಟೋ ತೆಗೆಯಲು ಬಂದಿದ್ದ ಪತ್ರಿಕೆಯ ಹುಡುಗರ ಎದುರು ಯಾರು ಹೇಳುತ್ತಾರೆ? ಕತ್ತಲಾದ ದೀಪವನ್ನು ನೆತ್ತಿಯಲ್ಲಿಟ್ಟುಕೊಂಡು ಜೀಪು ಹೋಯಿತು. ಕುಷ್ಟ ಹೆಂಡತಿಯ ಕಡೆ ನೋಡಲಿಲ್ಲ. ಆದರೆ ಅವನ ಕುತ್ತಿಗೆಯ ಹಿಂಭಾಗ ಬೆವರಿನಲ್ಲಿ ತೊಯ್ದಿದ್ದುದನ್ನು ಅವಳು ನೋಡಿದಳು. ಅವನು ಎಷ್ಟು ಹೆದರಿದ್ದಾನೆಂದು ಅವಳಿಗೆ ಗೊತ್ತಾಯಿತು. ನೀರಿನ ಬಾಟಲಿಯನ್ನು ಅವನ ಕೈಗೆ ಕೊಟ್ಟಳು.

ಮರುದಿನದ ಪತ್ರಿಕೆಯಲ್ಲಿ ದೀಪಗಳ ರಾಶಿಯ ಹಿಂದೆ ಸಾಹೇಬರು ನಿಂತ ಫೋಟೋ ಬಂತು. ಪದ್ದು ಅದರಲ್ಲಿರಲಿಲ್ಲ, ಅವಳ ಒಂದು ಬೂಟು ಮಾತ್ರ ಮೂಲೆಯಲ್ಲಿತ್ತು.

ಅದಾಗಿ ವಾರ ಕಳೆದಿರಲಿಲ್ಲ, ಬಿಚ್ಚಿಸಿಕೊಂಡವರು ಒಬ್ಬೊಬ್ಬರಾಗಿ ಕುಷ್ಟನ ಅಂಗಡಿಗೆ ಬರತೊಡಗಿದರು. ಬೇರೆ ದೀಪ ತಂದಿದ್ದರು. ನೆತ್ತಿಯ ಮೇಲೆ ಬೇಡ, ಮುಂದಿನ ಜಾಲರಿಯ ಒಳಗೆ ಹಾಕು, ಬೇಕಾದಾಗ ಮಾತ್ರ ಹೊತ್ತುವಂತೆ ಸ್ವಿಚ್ಚು ಕೊಡು ಎಂದರು. ಕುಷ್ಟ ಆಗುವುದಿಲ್ಲವೆಂದ. ಕೆಲಸ ಬಹಳ ಇದೆ ಎಂಬ ನೆಪವನ್ನೂ ಈಗ ಹೇಳಲಿಲ್ಲ. ಅವರು ಹೋದರು, ಮತ್ತೆ ಮಾಮೂಲಿ ರಿಪೇರಿಗೂ ಬರಲಿಲ್ಲ. ತಿಂಗಳೊಳಗೆ ಆ ಕಾರುಗಳೆಲ್ಲ ಜಾಲರಿಯೊಳಗಿನಿಂದ ಮಿನುಗಿಸುತ್ತ ಪದ್ದುವಿನ ಕ್ರಾಸಿನಲ್ಲಿ ಓಡಾಡಿದವು. ಸುಶಾಂತನ ಜೀಪಿನ ಮುಂದೆ ಈಗ ಎರಡು ಜೊತೆ ದೀಪಗಳಿದ್ದವು.

ಪದ್ದು ಸೆಲ್ಯೂಟ್ ಹೊಡೆಯುವುದನ್ನು ಪೂರ್ತಿ ಬಿಟ್ಟಳು. ದೀಪ ಕಂಡರೆ ಮೊದಲು ಬಗ್ಗಿ ಒಳಗೆ ನೋಡುವುದು, ಆಮೇಲೆ ದಾರಿ. ಆಂಬುಲೆನ್ಸಾದರೆ ದೂರದಿಂದಲೇ ಅಣ್ಣಯ್ಯ ಫೋನು ಮಾಡುವಂತೆ ಇಬ್ಬರೂ ಮಾತಾಡಿಕೊಂಡರು. ಅವನು ಕುಂದಾಪುರ ದಾಟುವಾಗ ಕರೆದರೆ, ಕೋಟೇಶ್ವರದಲ್ಲಿ ಅವಳು ಆಗಲೇ ರಸ್ತೆ ತೆರವು ಮಾಡಿಟ್ಟಿರುತ್ತಿದ್ದಳು. ಆ ವರ್ಷ ಅವನ ಗಾಡಿ ಅವಳ ಕ್ರಾಸಿನಲ್ಲಿ ಒಂದು ಸಲವೂ ನಿಲ್ಲಲಿಲ್ಲ.

ಅವಳ ಮೇಲೆ ದೂರು ಹೋಗಿಯೇ ಹೋಯಿತು. ಗಣ್ಯರೊಂದಿಗೆ ಒರಟಾಗಿ ನಡೆದುಕೊಳ್ಳುತ್ತಾಳೆ ಎಂದು. 2015ರ ಮಳೆಗಾಲದ ಮುಂಚೆ ಅವಳನ್ನು ಬೈಂದೂರಿಗೆ ಹಾಕಿದರು. ಮನೆಯಿಂದ ಹೋಗಿ ಬರಲು ದಿನಕ್ಕೆ ಮೂರು ತಾಸು ಬಸ್ಸು. ಬಿಟ್ಟುಬಿಡು ಎಂದು ಕುಷ್ಟ ಒಂದು ಸಲ ಹೇಳಿದ. ಅವಳು ತಿರುಗಿ ನೋಡಿದ ರೀತಿಗೆ ಎರಡನೆಯ ಸಲ ಹೇಳಲಿಲ್ಲ.

ಬೈಂದೂರಿನ ಮೊದಲ ವಾರದಲ್ಲೇ, ಬಸ್ ನಿಲ್ದಾಣದ ಎದುರು ಒಂದು ಕಪ್ಪು ಕಾರು ಸಾಲು ತಪ್ಪಿಸಿ, ಮುಂದೆ ಕೆಂಪು ನೀಲಿ ಮಿನುಗಿಸುತ್ತ ಬಂತು. ಅವಳು ಕೈ ಅಡ್ಡ ಹಿಡಿದಳು. ಗಾಜು ಇಳಿಯಿತು.

"ಗಾಡಿ ಯಾರ್ದ್ ಅಂದೇಳಿ ಗೊತ್ತಿತ್ತಾ ನಿಂಗೆ?"

"ಗೊತ್ತಿಲ್ಲೆ. ಅದ್ಕೇ ನಿಲ್ಸಿದ್" ಎಂದಳು ಪದ್ದು. "ಯಾರ್ದ್, ಹೇಳಿ."

ಅವನು ಏನೋ ಕೂಗಾಡಿದ. ಕಾರಿನ ಹಿಂದೆ ಒಂದು ಬಸ್ಸು, ಎರಡು ರಿಕ್ಷಾ, ಐಸಿನ ಲಾರಿ ಬಂದು ನಿಂತವು. ಎಲ್ಲ ಸೇರಿ ಹಾರ್ನ್ ಹೊಡೆಯತೊಡಗಿದವು. ಹೊಡೆದದ್ದು ಕಾರಿನವನಿಗಲ್ಲ, ಅವಳಿಗೆ. ಬಸ್ಸಿನವನು ತಲೆ ಹೊರಹಾಕಿ, "ಎಂತ ಮಾರಾಯ್ತಿ, ಬಿಡುಕಾಗ್ದಾ ಅವನ್ನ? ನಮ್ಗೆ ಟೈಮಾತ್ತ್!" ಎಂದು ಅರಚಿದ. ಪದ್ದು ಜೇಬಿನಿಂದ ಪೆನ್ನು ತೆಗೆದು, ಕಾರಿನ ಮುಂದೆ ಬಗ್ಗಿ, ನಂಬರನ್ನು ಒಂದೊಂದೇ ಅಕ್ಷರವಾಗಿ ನೋಟ್‌ಬುಕ್ಕಿಗೆ ಬರೆದುಕೊಂಡಳು. ಆಮೇಲೆ ಕಾರನ್ನು ಅಲ್ಲೇ ನಿಲ್ಲಿಸಿ, ಎದುರಿನ ದಾರಿಯ ವಾಹನಗಳನ್ನು ಮೊದಲು ಬಿಟ್ಟಳು.